ಜ್ವರದ ಪೇಷಂಟ್, ಹದಿನೈದು ನಿಮಿಷದ ಕಾರ್ಡ್, ಖಾಲಿ ಇರುವ ಒಂದೇ ಬೆಡ್

ಜುಲೈ ತಿಂಗಳು, ರಾತ್ರಿ ಎರಡು ಗಂಟೆ. ಹೊರಗೆ ಜಿಟಿಜಿಟಿ ಮಳೆ. ಆಟೋದಿಂದ ಇಳಿದ ಅಜ್ಜನನ್ನು ಮಗ ಮತ್ತು ಸೊಸೆ ಎರಡು ಕಡೆ ಹಿಡಿದುಕೊಂಡು ಕ್ಯಾಶುಯಲ್ಟಿಗೆ ಕರೆತರುತ್ತಾರೆ. ನಾಲ್ಕು ದಿನದಿಂದ ಜ್ವರ, ಕೆಮ್ಮು. ಸಂಜೆಯಿಂದ ಏದುಸಿರು. ಮೆಡಿಕಲ್ ವಾರ್ಡ್‌ನಲ್ಲಿ ಖಾಲಿ ಇರುವುದು ಒಂದೇ ಬೆಡ್. ಅದರ ಎಡಗಡೆ ಕಿಡ್ನಿ ತೊಂದರೆಯವರು, ಬಲಗಡೆ ಸಕ್ಕರೆ ಕಾಯಿಲೆಯಿಂದ ಕಾಲು ಗಾಯ ಮಾಡಿಕೊಂಡ ಅಮ್ಮ. ಅಜ್ಜನಿಗೆ ಬಂದಿರುವುದು ಫ್ಲೂ ಆಗಿದ್ದರೆ? ಕೋವಿಡ್ ಆಗಿದ್ದರೆ? ಎರಡೂ ಅಲ್ಲದೆ ಬ್ಯಾಕ್ಟೀರಿಯಾದಿಂದ ಬಂದ ನ್ಯುಮೋನಿಯಾ ಆಗಿದ್ದರೆ?

ಲ್ಯಾಬ್ ತೆರೆಯುವುದು ಬೆಳಗ್ಗೆ. ಆರ್‌ಟಿ-ಪಿಸಿಆರ್ ರಿಪೋರ್ಟ್ ಬರುವುದು ನಾಳೆ ಮಧ್ಯಾಹ್ನವೋ, ನಾಡಿದ್ದೋ. ಆದರೆ ಅಜ್ಜನನ್ನು ಎಲ್ಲಿ ಮಲಗಿಸಬೇಕು ಅನ್ನುವುದನ್ನು ಈಗಲೇ ಹೇಳಬೇಕು. ಬೆಡ್ ಪಕ್ಕದಲ್ಲೇ ಮಾಡುವ ರ್‍ಯಾಪಿಡ್ ಟೆಸ್ಟ್, ಅಂದರೆ ಹದಿನೈದು ನಿಮಿಷದಲ್ಲಿ ಗೆರೆ ತೋರಿಸುವ ಪುಟ್ಟ ಕಾರ್ಡ್, ಇರುವುದು ಈ ಒಂದು ಪ್ರಶ್ನೆಗೆ. ಕಾಯಿಲೆ ಏನು ಅಂತ ಕೊನೆಯ ತೀರ್ಪು ಕೊಡುವುದು ಅದರ ಕೆಲಸ ಅಲ್ಲ. ಮುಂದಿನ ಹನ್ನೆರಡು ಗಂಟೆ ಪೇಷಂಟ್ ಎಲ್ಲಿರಬೇಕು, ಪಕ್ಕದಲ್ಲಿ ಯಾರಿರಬಾರದು ಅಂತ ಹೇಳಲು ಅದು ಒಂದು ಸುಳಿವು ಕೊಡುತ್ತದೆ, ಅಷ್ಟೇ.

ನಾನು ಸ್ಟಾಫ್ ನರ್ಸ್. ಕ್ಯಾಶುಯಲ್ಟಿ ನೈಟ್ ಡ್ಯೂಟಿ ಸಾಕಷ್ಟು ಮಾಡಿದ್ದೇನೆ. ಹೊಸದಾಗಿ ಬರುವ ಸಿಸ್ಟರ್‌ಗಳಿಗೆ, ಹೌಸ್ ಸರ್ಜನ್‌ಗಳಿಗೆ, ಲ್ಯಾಬ್ ಟೆಕ್ನಿಷಿಯನ್‌ಗಳಿಗೆ ಬಾಯಲ್ಲಿ ಹೇಳುತ್ತಿದ್ದುದನ್ನೇ ಇಲ್ಲಿ ಬರೆದಿದ್ದೇನೆ. ನಿಮ್ಮ ಆಸ್ಪತ್ರೆಯ ಲಿಖಿತ ನಿಯಮ ಬೇರೆ ಇದ್ದರೆ ಅದನ್ನೇ ಪಾಲಿಸಿ.

ಕಿಟ್ ಡಬ್ಬ ತೆರೆಯುವ ಮೊದಲು

ಒಂದು ಹಾಳೆ ತೆಗೆದುಕೊಳ್ಳಿ. ನಡುವೆ ಗೆರೆ ಎಳೆಯಿರಿ. ಎಡಕ್ಕೆ "ಎರಡು ಗೆರೆ ಬಂದರೆ" (ಪಾಸಿಟಿವ್), ಬಲಕ್ಕೆ "ಒಂದೇ ಗೆರೆ ಬಂದರೆ" (ನೆಗೆಟಿವ್) ಅಂತ ಬರೆಯಿರಿ. ಪ್ರತಿಯೊಂದರ ಕೆಳಗೆ ಪೇಷಂಟ್ ಯಾವ ಬೆಡ್‌ಗೆ ಹೋಗುತ್ತಾರೆ, ಯಾವ ಔಷಧಿ ಶುರುವಾಗುತ್ತದೆ, ಇನ್ನೊಂದು ಸ್ಯಾಂಪಲ್ ಕಳಿಸಬೇಕಾ ಅನ್ನುವುದನ್ನು ಡ್ಯೂಟಿ ಡಾಕ್ಟರ್ ಜೊತೆ ಕೂತು ತುಂಬಿಸಿ. ಇದನ್ನು ಪೇಷಂಟ್ ಬಂದ ಮೇಲಲ್ಲ, ಮಳೆಗಾಲ ಶುರುವಾಗುವ ಮೊದಲೇ ಮಾಡಿ ಗೋಡೆಗೆ ಅಂಟಿಸಿ.

ಎರಡೂ ಕಡೆ ಒಂದೇ ಉತ್ತರ ಬಂದರೆ ಆ ಪೇಷಂಟ್‌ಗೆ ಆ ಟೆಸ್ಟ್ ಈಗ ಬೇಡ ಅಂತ ಅರ್ಥ. ಸುಮ್ನೆ ಮೂಗಿಗೆ ಕಡ್ಡಿ ಹಾಕಿ ಒಂದು ಕಿಟ್ ಖರ್ಚು ಮಾಡಿದಂತಾಗುತ್ತದೆ. ನೆಗಡಿ, ಗಂಟಲು ನೋವು, 99 ಡಿಗ್ರಿ ಜ್ವರ ಅಂತ ಬಂದ ಇಪ್ಪತ್ತೈದರ ಹುಡುಗ ಯಾವ ರಿಸಲ್ಟ್ ಬಂದರೂ ಮನೆಗೇ ಹೋಗುತ್ತಾನೆ, ಅಲ್ವಾ? 2009ರಲ್ಲಿ ಎಚ್1ಎನ್1 (ಹಂದಿಜ್ವರ) ಬಂದಾಗ ಕೇಂದ್ರ ಆರೋಗ್ಯ ಇಲಾಖೆ ಎ, ಬಿ, ಸಿ ಅಂತ ಮೂರು ವರ್ಗ ಮಾಡಿದ್ದು ಇದೇ ಲೆಕ್ಕದಲ್ಲಿ. ಸಾಧಾರಣ ಜ್ವರ, ಕೆಮ್ಮಿನ ಎ ವರ್ಗಕ್ಕೆ ಟೆಸ್ಟ್ ಇಲ್ಲ, ಮನೆಯಲ್ಲೇ ವಿಶ್ರಾಂತಿ. ಜೋರು ಜ್ವರ ಇರುವವರು, ಗರ್ಭಿಣಿ, ಪುಟ್ಟ ಮಗು, ವಯಸ್ಸಾದವರು, ಮೊದಲೇ ಕಾಯಿಲೆ ಇದ್ದವರು ಬಿ ವರ್ಗ. ಅಗತ್ಯ ಕಂಡರೆ ಔಷಧಿ, ಟೆಸ್ಟ್ ಇಲ್ಲ. ಏದುಸಿರು, ಎದೆನೋವು, ಮಂಪರು, ಬಿಪಿ ಇಳಿಯುವುದು, ಕಫದಲ್ಲಿ ರಕ್ತ, ಉಗುರು ನೀಲಿಯಾಗುವುದು ಇವೆಲ್ಲ ಸಿ. ಇವರಿಗೆ ಟೆಸ್ಟ್ ಬೇಕು, ಅಡ್ಮಿಷನ್ ಬೇಕು, ಚಿಕಿತ್ಸೆ ತಕ್ಷಣ ಬೇಕು. ಅಷ್ಟು ಹಳೆಯ ಪಟ್ಟಿಯಾದರೂ ರಾತ್ರಿ ಪಾಳಿಯಲ್ಲಿ ತಲೆ ಓಡದಾಗ ನನಗೆ ಈಗಲೂ ಅದೇ ನೆನಪಾಗುವುದು.

ಮೊದಲು ಉಸಿರು, ಆಮೇಲೆ ಮೂಗು

ಪೇಷಂಟ್ ಬಂದ ತಕ್ಷಣ ಅವರಿಗೂ ಜೊತೆಗೆ ಬಂದವರಿಗೂ ಮಾಸ್ಕ್ ಕೊಡಿ. ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ. ಮಳೆಯಲ್ಲಿ ನೆನೆದು ಬಂದವರ ಬೆರಳು ತಣ್ಣಗಿದ್ದರೆ ರೀಡಿಂಗ್ ತಪ್ಪು ಬರುತ್ತದೆ, ಉಜ್ಜಿ ಬೆಚ್ಚಗೆ ಮಾಡಿ ಇನ್ನೊಮ್ಮೆ ನೋಡಿ. ಉಗುರಿಗೆ ಬಣ್ಣ, ದಟ್ಟ ಮೆಹಂದಿ ಇದ್ದರೆ ಬೇರೆ ಬೆರಳು. ಉಸಿರಿನ ಲೆಕ್ಕವನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಭ್ಯಾಸ ಬಿಡಿ. ಕೋವಿಡ್ ಕಾಲದ ಮಾರ್ಗಸೂಚಿಯಲ್ಲಿ ದೊಡ್ಡವರಿಗೆ ನಿಮಿಷಕ್ಕೆ 24 ಅಥವಾ ಹೆಚ್ಚು ಉಸಿರು, ಇಲ್ಲವೇ ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಪ್ರಮಾಣ) ಶೇಕಡಾ 90ರಿಂದ 93 ಇದ್ದರೆ ಮಧ್ಯಮ ತೀವ್ರತೆ. 30ಕ್ಕಿಂತ ಹೆಚ್ಚು ಉಸಿರು, ಇಲ್ಲವೇ 90ಕ್ಕಿಂತ ಕಡಿಮೆ ಸ್ಯಾಚುರೇಷನ್ ಇದ್ದರೆ ತೀವ್ರ. ಬಿಪಿ ನೋಡಿ. ಹೆಸರು, ಊರು ಕೇಳಿ ಸರಿಯಾಗಿ ಉತ್ತರ ಬರುತ್ತದಾ ಗಮನಿಸಿ.

ಇಲ್ಲಿ ಏನಾದರೂ ಕೆಟ್ಟಿದ್ದರೆ ಆಕ್ಸಿಜನ್, ಐವಿ ಲೈನ್, ಡಾಕ್ಟರ್‌ಗೆ ಫೋನ್. ಕಾರ್ಡ್ ಆಮೇಲೆ. ಸ್ಯಾಚುರೇಷನ್ 86 ಇರುವವರ ಮೂಗಿಗೆ ಸ್ವಾಬ್ (ಸ್ಯಾಂಪಲ್ ತೆಗೆಯುವ ಹತ್ತಿ ಕಡ್ಡಿ) ಹಾಕುತ್ತಾ ನಿಂತ ಹೊಸ ಹುಡುಗನನ್ನು ನಾನೇ ಒಮ್ಮೆ ಪಕ್ಕಕ್ಕೆ ಎಳೆದಿದ್ದೇನೆ. ಅವನ ತಪ್ಪಲ್ಲ. "ಜ್ವರ ಬಂದರೆ ಮೊದಲು ಟೆಸ್ಟ್" ಅಂತ ಯಾರೋ ಹೇಳಿಕೊಟ್ಟಿದ್ದರು.

ಇನ್ನೊಂದು ಮಾತು. ಏದುಸಿರು ಕಂಡ ಕೂಡಲೇ ನೆಬುಲೈಸರ್ ಹಚ್ಚುವುದು ನಮ್ಮ ಕೈಗೆ ರೂಢಿ. ವೈರಸ್ ಅನುಮಾನ ಇದ್ದಾಗ ಸ್ಪೇಸರ್ (ಇನ್‌ಹೇಲರ್‌ಗೆ ಸಿಕ್ಕಿಸುವ ಕೊಳವೆ) ಜೊತೆ ಇನ್‌ಹೇಲರ್ ಆಗುತ್ತದಾ ಅಂತ ಡಾಕ್ಟರ್‌ಗೆ ಒಮ್ಮೆ ಕೇಳಿ. ನೆಬುಲೈಸರ್ ಹಚ್ಚಲೇಬೇಕಾದರೆ ಕಿಟಕಿ ತೆರೆದ ಬೇರೆ ಜಾಗದಲ್ಲಿ ಹಚ್ಚಿ.

ಎಷ್ಟನೇ ದಿನದ ಜ್ವರ?

ಯಾವ ಕಾರ್ಡ್ ತೆಗೆಯಬೇಕು ಅನ್ನುವುದನ್ನು ಈ ಪ್ರಶ್ನೆಯೇ ಹೇಳುತ್ತದೆ. "ಮೂರ್ನಾಲ್ಕು ದಿನ ಆಯ್ತು ಸಿಸ್ಟರ್" ಅಂದರೆ ಅಷ್ಟಕ್ಕೇ ಬಿಡಬೇಡಿ. "ಸೋಮವಾರ ಸಂತೆಗೆ ಹೋಗಿದ್ರಾ? ಅವತ್ತು ಜ್ವರ ಇತ್ತಾ?" ಅಂತ ಕೇಳಿ. ಜನ ತಾರೀಖು ಮರೆಯುತ್ತಾರೆ, ಸಂತೆ, ಹಬ್ಬ, ಮದುವೆ ಮರೆಯುವುದಿಲ್ಲ.

ಮೂಗಿನ ಸ್ವಾಬ್‌ನ ಆಂಟಿಜನ್ ಕಾರ್ಡ್‌ಗಳು ವೈರಸ್ಸಿನ ಪ್ರೋಟೀನನ್ನು ಹುಡುಕುತ್ತವೆ. ಮೂಗಿನಲ್ಲಿ ವೈರಸ್ ಜಾಸ್ತಿ ಇದ್ದಾಗ ಮಾತ್ರ ಅದು ಸಿಗುವುದು, ಅಂದರೆ ಮೊದಲ ನಾಲ್ಕೈದು ದಿನ. ಎಂಟನೇ ದಿನ ಬಂದವರಲ್ಲಿ ಕಾಯಿಲೆ ಎದೆಗೆ ಇಳಿದಿರುತ್ತದೆ, ಮೂಗು ಖಾಲಿಯಾಗಿರುತ್ತದೆ. ಕಾರ್ಡ್ ನೆಗೆಟಿವ್ ಅನ್ನುತ್ತದೆ, ಪೇಷಂಟ್ ಏದುಸಿರು ಬಿಡುತ್ತಿರುತ್ತಾರೆ.

ಕೆಮ್ಮು, ಏದುಸಿರಿನ ಜ್ವರಕ್ಕೆ ಫ್ಲೂ ಮತ್ತು ಕೋವಿಡ್ ಎರಡನ್ನೂ ತೋರಿಸುವ ಜೋಡಿ ಕಾರ್ಡ್ ಇದ್ದರೆ ಒಳ್ಳೆಯದು, ಒಂದೇ ಸ್ವಾಬ್‌ನಲ್ಲಿ ಮುಗಿಯುತ್ತದೆ. ಎರಡು ವರ್ಷದೊಳಗಿನ ಮಗು ಗೊರಗೊರ ಉಸಿರಾಡುತ್ತಾ, ಹಾಲು ಕುಡಿಯದೆ ಬಂದರೆ ಆರ್‌ಎಸ್‌ವಿ (ಪುಟ್ಟ ಮಕ್ಕಳ ಉಸಿರಾಟ ಕೆಡಿಸುವ ಒಂದು ವೈರಸ್) ಕೂಡ ನೋಡಿ. ಮಕ್ಕಳ ಮೂಗಿನಲ್ಲಿ ಈ ವೈರಸ್ ತುಂಬಾ ಇರುವುದರಿಂದ ಕಾರ್ಡ್ ಚೆನ್ನಾಗಿ ಹಿಡಿಯುತ್ತದೆ. ದೊಡ್ಡವರಲ್ಲಿ ಅದೇ ಕಾರ್ಡ್ ಅಷ್ಟು ನಂಬಿಕೆಗೆ ಸಾಲದು. ಕೆಮ್ಮಿಲ್ಲದ ಜ್ವರ, ಮೈಕೈ ನೋವು, ಕಣ್ಣಿನ ಹಿಂದೆ ನೋವು ಅಂದರೆ ಅದು ಡೆಂಗಿ ಕಡೆಯ ದಾರಿ. ಅದಕ್ಕೆ ಆಮೇಲೆ ಬರುತ್ತೇನೆ.

ಜಾಗ ಮತ್ತು ಕಿಟ್

ಟೆಸ್ಟ್ ಟೇಬಲ್ ಬಾಗಿಲ ಬಳಿಯ ಕಿಟಕಿ ಪಕ್ಕ ಇರಲಿ. ಬೇರೆ ಪೇಷಂಟ್‌ಗಳು ಕೂರುವ ಬೆಂಚಿನಿಂದ ದೂರ ಇರಲಿ. ಮೇಲೆ ಫ್ಯಾನ್ ಬೇಡ. ಟೇಬಲ್ ಮಟ್ಟವಾಗಿರಬೇಕು, ವಾಲಿದರೆ ದ್ರವ ಕಾರ್ಡ್‌ನಲ್ಲಿ ಒಂದೇ ಕಡೆ ಹರಿಯುತ್ತದೆ. ಬೆಳಕು ಚೆನ್ನಾಗಿರಬೇಕು. ಹಳದಿ ಬಲ್ಬಿನ ಕೆಳಗೆ ತೆಳು ಗೆರೆ ಕಾಣುವುದೇ ಇಲ್ಲ.

ಜಾಸ್ತಿ ಕಿಟ್‌ಗಳ ಮೇಲೆ 2ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿ ಅಂತ ಬರೆದಿರುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಸ್ಟೋರ್ ರೂಮಿನ ಒಳಗೇ 30 ದಾಟುತ್ತದೆ. ಅಲ್ಲಿ ಫ್ರಿಜ್ಜೇ ಗತಿ. ಆದರೆ ಫ್ರಿಜ್ಜಿನಿಂದ ತೆಗೆದ ಕಾರ್ಡನ್ನು ತಣ್ಣಗಿರುವಾಗಲೇ ಬಳಸಬೇಡಿ. ಪೊಟ್ಟಣ ಮುಚ್ಚಿಯೇ ಇರಲಿ, ಅರ್ಧ ಗಂಟೆ ಹೊರಗಿಟ್ಟು ಕೋಣೆಯ ಬಿಸಿಗೆ ಬಂದ ಮೇಲೆ ಹರಿಯಿರಿ. ಎಕ್ಸ್‌ಪೈರಿ ನೋಡಿ. ಒಳಗಿನ ತೇವ ಹೀರುವ ಪುಟ್ಟ ಚೀಲ ಬಣ್ಣ ಬದಲಾಗಿದ್ದರೆ ಆ ಕಾರ್ಡ್ ಬೇಡ. ಹೊಸ ಲಾಟ್ (ಕಿಟ್‌ಗಳ ಹೊಸ ಕಂತು) ಬಂದಾಗ ಉತ್ತರ ಮೊದಲೇ ಗೊತ್ತಿರುವ ಕಂಟ್ರೋಲ್ ದ್ರವ ಹಾಕಿ ಒಮ್ಮೆ ಪರೀಕ್ಷಿಸುವುದನ್ನು ಲ್ಯಾಬ್‌ನವರಿಗೆ ನೆನಪು ಮಾಡಿ.

ಸ್ವಾಬ್ ತೆಗೆಯುವುದು

ರಿಸಲ್ಟ್ ಕೆಡುವುದು ಜಾಸ್ತಿ ಇಲ್ಲೇ. ಕಾರ್ಡ್ ಮೇಲೆ ಬೈಯುತ್ತೇವೆ, ತಪ್ಪು ನಮ್ಮ ಕೈಯದ್ದಾಗಿರುತ್ತದೆ.

ಎನ್95, ಗ್ಲೌಸ್, ಫೇಸ್ ಶೀಲ್ಡ್ ಹಾಕಿ. ಪೇಷಂಟ್ ಕೂತಿರಲಿ, ತಲೆಗೆ ಹಿಂದೆ ಒರಗು ಸಿಗಲಿ. ಒರಗಿಲ್ಲದಿದ್ದರೆ ಕಡ್ಡಿ ತಾಗಿದ ತಕ್ಷಣ ತಲೆ ಹಿಂದಕ್ಕೆ ಎಳೆಯುತ್ತಾರೆ. ನೀವು ಎದುರಿಗೆ ನಿಲ್ಲಬೇಡಿ, ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಮಾಸ್ಕ್ ಕೆಳಗಿಳಿಸಿ ಮೂಗು ಮಾತ್ರ ಹೊರಗೆ ಬರಲಿ, ಬಾಯಿ ಮುಚ್ಚಿರಲಿ. ಸಿಂಬಳ ತುಂಬಿದ್ದರೆ ಟಿಶ್ಯೂ ಕೊಟ್ಟು ಮೂಗು ಸ್ವಚ್ಛ ಮಾಡಿಸಿ.

ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ. ಸ್ವಾಬನ್ನು ಪೆನ್ನಿನ ಹಾಗೆ ಹಿಡಿಯಿರಿ. ಈಗ ಎಲ್ಲರೂ ಮಾಡುವ ತಪ್ಪು: ಮೂಗು ಮೇಲಕ್ಕೆ ಕಾಣುತ್ತದಲ್ಲ, ಹಾಗಾಗಿ ಕಡ್ಡಿಯನ್ನೂ ಕಣ್ಣಿನ ಕಡೆಗೆ ಮೇಲಕ್ಕೆ ತಳ್ಳುತ್ತಾರೆ. ಮೂಗಿನ ದಾರಿ ಹಾಗಿಲ್ಲ. ಅದು ಬಾಯಿಯ ಅಂಗುಳಿಗೆ ಸಮನಾಗಿ, ಮುಖದಿಂದ ನೇರ ಹಿಂದಕ್ಕೆ ಹೋಗುತ್ತದೆ. ಕಡ್ಡಿಯೂ ಅದೇ ದಾರಿ ಹಿಡಿಯಬೇಕು. ಎಷ್ಟು ಒಳಗೆ? ಮೂಗಿನ ಹೊಳ್ಳೆಯಿಂದ ಕಿವಿಯ ತೂತಿನವರೆಗೆ ಬೆರಳಲ್ಲಿ ಅಳೆದು ನೋಡಿ, ಅದರ ಅರ್ಧದಷ್ಟು. ಮೆತ್ತಗೆ ತಡೆ ಸಿಕ್ಕಾಗ ನಿಲ್ಲಿಸಿ. ಕೆಲವು ಸೆಕೆಂಡ್ ಅಲ್ಲೇ ಬಿಡಿ, ಹತ್ತಿ ನೆನೆಯಲಿ. ನಿಧಾನ ತಿರುಗಿಸುತ್ತಾ ಹೊರಗೆ ತೆಗೆಯಿರಿ. ಸರಿಯಾಗಿ ತೆಗೆದಿದ್ದರೆ ಪೇಷಂಟ್ ಕಣ್ಣಲ್ಲಿ ನೀರು ಬಂದಿರುತ್ತದೆ. ಏನೂ ಆಗದವರಂತೆ ಕೂತಿದ್ದರೆ ನನಗೆ ಅನುಮಾನ. ಅರ್ಧಕ್ಕೇ ಗಟ್ಟಿ ತಡೆ ಸಿಕ್ಕರೆ ಒತ್ತಬೇಡಿ. ಮೂಗಿನ ನಡುಗೋಡೆ ಸೊಟ್ಟ ಇರುವವರು ತುಂಬಾ ಜನ, ಇನ್ನೊಂದು ಹೊಳ್ಳೆ ನೋಡಿ.

ಕೆಲವು ಕಿಟ್‌ಗಳು ಮೂಗಿನ ಮುಂಭಾಗದ ಸ್ವಾಬ್ ಸಾಕು ಅನ್ನುತ್ತವೆ, ಕೆಲವಕ್ಕೆ ಆಳದ್ದೇ ಬೇಕು. ಡಬ್ಬದೊಳಗಿನ ಚೀಟಿ ಓದಿ. ಕಂಪನಿ ಬದಲಾದಾಗಲೆಲ್ಲ ಓದಿ. ತಲೆಗೆ ಪೆಟ್ಟು ಬಿದ್ದು ಮೂಗಿನಿಂದ ರಕ್ತವೋ ನೀರೋ ಬರುತ್ತಿದ್ದರೆ ಮೂಗಿಗೆ ಏನೂ ಹಾಕಬೇಡಿ. ಪ್ಲೇಟ್‌ಲೆಟ್ ಬಿದ್ದಿರಬಹುದು ಅನ್ನಿಸಿದರೆ ಡಾಕ್ಟರ್‌ಗೆ ಕೇಳಿಯೇ ಹಾಕಿ.

ಒಂದು ಕೆಲಸ ಇಲ್ಲೇ ಮಾಡಿಬಿಡಿ. ಕಾರ್ಡ್ ನೆಗೆಟಿವ್ ಬಂದರೆ ಪಿಸಿಆರ್‌ಗೆ ಕಳಿಸಬೇಕಾದ ಪೇಷಂಟ್ ಅಂತ ಮೊದಲೇ ಗೊತ್ತಿದ್ದರೆ ಎರಡು ಸ್ವಾಬ್ ತೆಗೆಯಿರಿ. ಒಂದು ಕಾರ್ಡ್‌ಗೆ, ಇನ್ನೊಂದು ಸ್ಯಾಂಪಲ್ ಕೆಡದಂತೆ ಲ್ಯಾಬ್‌ಗೆ ಒಯ್ಯುವ ದ್ರವ ಇರುವ ವಿಟಿಎಂ ಟ್ಯೂಬ್‌ಗೆ. ಕಾರ್ಡ್ ಕಿಟ್‌ನ ಬಫರ್‌ಗೆ (ಸ್ವಾಬ್ ಅದ್ದುವ ದ್ರವಕ್ಕೆ) ಅದ್ದಿದ ಸ್ವಾಬನ್ನೇ ಪಿಸಿಆರ್‌ಗೆ ಕಳಿಸಲು ಬರುವುದಿಲ್ಲ. ಅರ್ಧ ಗಂಟೆ ಬಿಟ್ಟು ಮತ್ತೆ ಮೂಗಿಗೆ ಕಡ್ಡಿ ಅಂದರೆ ಮಕ್ಕಳಂತೂ ಆಸ್ಪತ್ರೆಯೇ ಹಾರಿಹೋಗುವ ಹಾಗೆ ಕಿರುಚುತ್ತಾರೆ. ವಿಟಿಎಂ ಟ್ಯೂಬ್ ಐಸ್ ಪ್ಯಾಕ್ ಜೊತೆ 2ರಿಂದ 8 ಡಿಗ್ರಿಯಲ್ಲಿರಲಿ.

ಹನಿ, ಗಡಿಯಾರ, ಗೆರೆ

ಬಫರ್ ಟ್ಯೂಬ್‌ನಲ್ಲಿ ಸ್ವಾಬ್ ಅದ್ದಿ ಚೆನ್ನಾಗಿ ಐದಾರು ಸಲ ತಿರುಗಿಸಿ. ಹೊರಗೆ ತೆಗೆಯುವಾಗ ಟ್ಯೂಬಿನ ಪಕ್ಕಗಳನ್ನು ಬೆರಳಿಂದ ಒತ್ತಿ ಹತ್ತಿಯಲ್ಲಿರುವುದನ್ನೆಲ್ಲ ಹಿಂಡಿ. ಮುಚ್ಚಳ ಹಾಕಿ. ಟ್ಯೂಬನ್ನು ನೆಟ್ಟಗೆ ತಲೆಕೆಳಗಾಗಿ ಹಿಡಿದು ಚೀಟಿ ಹೇಳಿದಷ್ಟೇ ಹನಿ ಬಿಡಿ. ಓರೆ ಹಿಡಿದರೆ ಗುಳ್ಳೆ ಬರುತ್ತದೆ, ಗುಳ್ಳೆ ಬಂದರೆ ಹನಿ ಲೆಕ್ಕ ತಪ್ಪುತ್ತದೆ. ಸ್ವಾಬ್ ಅದ್ದಿದ ಬಫರನ್ನು "ಆಮೇಲೆ ಹಾಕೋಣ" ಅಂತ ಇಟ್ಟುಕೊಳ್ಳಬೇಡಿ. 2020ರ ಜೂನ್‌ನಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಮ್ಮ ದೇಶದಲ್ಲಿ ಮೊದಲ ಕೋವಿಡ್ ಆಂಟಿಜನ್ ಕಿಟ್ ಬಳಸಲು ಹೇಳಿದಾಗಲೇ ಬಫರ್‌ನಲ್ಲಿ ಸ್ಯಾಂಪಲ್ ಹೆಚ್ಚೆಂದರೆ ಒಂದು ಗಂಟೆ ಉಳಿಯುತ್ತದೆ ಅಂದಿತ್ತು.

ಆ ಕಿಟ್‌ನಲ್ಲಿ ಓದುವ ಸಮಯ 15ರಿಂದ 30 ನಿಮಿಷ. 15ಕ್ಕೆ ಮುಂಚೆ ಓದಬಾರದು, 30 ದಾಟಿದರೂ ಓದಬಾರದು. ಮೊದಲನೆಯದು ಎಲ್ಲರಿಗೂ ಗೊತ್ತು. ಎರಡನೆಯದನ್ನು ನಾನು ಕಲಿತದ್ದು ಹೀಗೆ.

ಆ ರಾತ್ರಿ ಒಬ್ಬರು ಅಮ್ಮನಿಗೆ ಕಾರ್ಡ್ ಹಾಕಿ ಟೇಬಲ್ ಮೇಲಿಟ್ಟೆ. ಅಷ್ಟರಲ್ಲಿ ಆಂಬುಲೆನ್ಸ್ ಬಂತು. ಬೈಕ್ ಆಕ್ಸಿಡೆಂಟ್, ಇಬ್ಬರು ಹುಡುಗರು. ಅವರನ್ನು ಜಿಲ್ಲಾಸ್ಪತ್ರೆಗೆ ಕಳಿಸಿ ಕೈ ತೊಳೆದು ಬರುವಷ್ಟರಲ್ಲಿ ಒಂದೂವರೆ ಗಂಟೆ ಆಗಿತ್ತು. ಕಾರ್ಡ್ ನೋಡಿದರೆ ಟಿ (ಟೆಸ್ಟ್) ಅಕ್ಷರದ ಎದುರು ಬೂದು ಬಣ್ಣದ ತೆಳು ಗೆರೆ. "ಪಾಸಿಟಿವ್" ಅಂತ ಬರೆದೆ. ಅಮ್ಮನನ್ನು ಇಬ್ಬರು ಪಾಸಿಟಿವ್ ಪೇಷಂಟ್‌ಗಳಿದ್ದ ರೂಮಿಗೆ ಹಾಕಿದೆವು. ಮಾರನೇ ದಿನ ಪಿಸಿಆರ್ ನೆಗೆಟಿವ್. ಕಾರ್ಡ್ ಒಣಗುವಾಗ ಬಣ್ಣ ಹಿಂದಕ್ಕೆ ಹರಿದು ಸುಳ್ಳು ಗೆರೆ ಮೂಡುತ್ತದೆ ಅನ್ನುವುದು ಚೀಟಿಯಲ್ಲೇ ಇತ್ತು. ಕಾಯಿಲೆ ಇಲ್ಲದ ಹೆಂಗಸನ್ನು ನಾನೇ ಒಂದು ರಾತ್ರಿ ಕಾಯಿಲೆಯವರ ನಡುವೆ ಮಲಗಿಸಿದ್ದೆ. ಪುಣ್ಯಕ್ಕೆ ಅವರಿಗೆ ಏನೂ ಆಗಲಿಲ್ಲ.

ಅವತ್ತಿನಿಂದ ಹನಿ ಬಿಡುವ ಮೊದಲೇ ಮಾರ್ಕರ್‌ನಿಂದ ಕಾರ್ಡ್ ಮೇಲೆ ಮೂರು ವಿಷಯ ಬರೆಯುತ್ತೇನೆ: ಒಪಿಡಿ ನಂಬರ್, ಹಾಕಿದ ಹೊತ್ತು, ಓದಬೇಕಾದ ಹೊತ್ತು. ಅಡುಗೆಮನೆಯ ಟೈಮರ್ ಒಂದನ್ನು ಟೇಬಲ್‌ಗೆ ದಾರದಲ್ಲಿ ಕಟ್ಟಿದ್ದೇವೆ. ಅದು ಬಡಿದಾಗ ನನಗೆ ಕೈ ಬಿಡುವಿಲ್ಲದಿದ್ದರೆ ಇನ್ನೊಬ್ಬರು ಓದುತ್ತಾರೆ. ಯಾರೂ ಓದದೆ ಸಮಯ ದಾಟಿದರೆ ಆ ಕಾರ್ಡ್ ಕಸಕ್ಕೆ, ಹೊಸ ಕಾರ್ಡ್. ಕಿಟ್ ದಂಡ ಆಯ್ತಲ್ಲ ಅಂತ ಹೊಟ್ಟೆ ಉರಿಯುತ್ತದೆ, ಉರಿಯಲಿ.

ಸಿ ಗೆರೆ (ಕಾರ್ಡ್ ಸರಿಯಾಗಿ ಓಡಿದೆ ಅಂತ ತೋರಿಸುವ ಕಂಟ್ರೋಲ್ ಗೆರೆ) ಬರದಿದ್ದರೆ ಟಿ ಎಷ್ಟೇ ಗಾಢ ಇದ್ದರೂ ಟೆಸ್ಟ್ ಆಗಿಲ್ಲ ಅಂತಲೇ ಲೆಕ್ಕ. ಸರಿಯಾದ ಸಮಯದೊಳಗೆ ಟಿ ಗೆರೆ ತೆಳುವಾಗಿ ಬಂದರೂ ಅದು ಪಾಸಿಟಿವ್. "ಸ್ವಲ್ಪ ಪಾಸಿಟಿವ್" ಅನ್ನುವುದು ಇಲ್ಲ. ಅನುಮಾನ ಬಂದರೆ ಪಕ್ಕದಲ್ಲಿರುವವರಿಗೆ ಹೆಸರು ಹೇಳದೆ ತೋರಿಸಿ, ಅವರಿಗೇನು ಕಾಣುತ್ತದೆ ಕೇಳಿ.

ಒಂದೇ ಗೆರೆಯ ಲೆಕ್ಕ

ಐಸಿಎಂಆರ್ ಆ ಮೊದಲ ಕೋವಿಡ್ ಕಿಟ್ಟನ್ನು ಪರೀಕ್ಷಿಸಿದಾಗ ನಿಜವಾಗಿ ಸೋಂಕಿದ್ದವರಲ್ಲಿ ಅದು ಶೇಕಡಾ 50.6ರಿಂದ 84ರಷ್ಟು ಜನರನ್ನು ಹಿಡಿಯಿತು. ಸೋಂಕಿಲ್ಲದವರನ್ನು ಇಲ್ಲ ಅನ್ನುವುದರಲ್ಲಿ ಮಾತ್ರ ಶೇಕಡಾ 99ಕ್ಕಿಂತ ಜಾಸ್ತಿ ಸರಿ. ಫ್ಲೂ ಕಾರ್ಡ್‌ಗಳ ಕಥೆಯೂ ಹೆಚ್ಚುಕಡಿಮೆ ಇಷ್ಟೇ. ಬೇರೆ ಬೇರೆ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಶೇಕಡಾ 62ರಷ್ಟು ಹಿಡಿಯುತ್ತವೆ, ಫ್ಲೂ ಇಲ್ಲದವರನ್ನು ಇಲ್ಲ ಅನ್ನುವುದರಲ್ಲಿ ಶೇಕಡಾ 98 ಸರಿ.

ಇದನ್ನು ನಮ್ಮ ಕ್ಯಾಶುಯಲ್ಟಿಗೆ ಇಳಿಸಿ ನೋಡೋಣ. ಫ್ಲೂ ಜೋರಿರುವ ವಾರ, ನೂರು ಜನ ಬಂದರು, ಅವರಲ್ಲಿ 40 ಜನಕ್ಕೆ ನಿಜವಾಗಿ ಫ್ಲೂ ಇದೆ ಅಂತಿಟ್ಟುಕೊಳ್ಳಿ. ಕಾರ್ಡ್ ನೂರಕ್ಕೆ 60 ಹಿಡಿದರೆ 24 ಜನ ಸಿಕ್ಕರು, 16 ಜನ ತಪ್ಪಿಸಿಕೊಂಡರು. ಫ್ಲೂ ಇಲ್ಲದ 60 ಜನರಲ್ಲಿ ಒಬ್ಬರಿಗೆ ಸುಳ್ಳು ಪಾಸಿಟಿವ್. ಒಟ್ಟು 75 ನೆಗೆಟಿವ್ ಕಾರ್ಡ್, ಅದರಲ್ಲಿ 16 ಸುಳ್ಳು. ಅಂದರೆ ಐದು ನೆಗೆಟಿವ್‌ನಲ್ಲಿ ಒಬ್ಬರಿಗೆ ಫ್ಲೂ ಇದ್ದೇ ಇದೆ. ಆ ಒಬ್ಬರನ್ನು ಕಿಡ್ನಿ ಪೇಷಂಟ್ ಪಕ್ಕ ಮಲಗಿಸುತ್ತೀರಾ?

ಅದೇ ಕಾರ್ಡನ್ನು ಫ್ಲೂ ಇಲ್ಲದ ತಿಂಗಳಲ್ಲಿ ಹಾಕಿ. ನೂರರಲ್ಲಿ ಇಬ್ಬರಿಗೆ ಮಾತ್ರ ಇದೆ ಅಂದರೆ ಒಬ್ಬರು ಸಿಗುತ್ತಾರೆ. ಉಳಿದ 98 ಜನರಲ್ಲಿ ಇಬ್ಬರಿಗೆ ಸುಳ್ಳು ಪಾಸಿಟಿವ್. ಮೂರು ಪಾಸಿಟಿವ್‌ನಲ್ಲಿ ಎರಡು ಸುಳ್ಳು! ಕಾರ್ಡ್ ಬದಲಾಗಿಲ್ಲ, ಊರಿನ ಹವಾ ಬದಲಾಗಿದೆ. ಹಾಗಾಗಿ ಈ ವಾರ ನಿಮ್ಮ ತಾಲ್ಲೂಕಿನಲ್ಲಿ ಏನು ಹರಡುತ್ತಿದೆ ಅನ್ನುವುದು ಪಾಳಿ ಶುರುವಾಗುವಾಗಲೇ ಗೊತ್ತಿರಬೇಕು. ಹಿಂದಿನ ಪಾಳಿಯ ಸಿಸ್ಟರ್‌ಗೆ ಕೇಳಿ, ಲ್ಯಾಬ್‌ನವರಿಗೆ ಕೇಳಿ.

ಯಾರನ್ನು ಎಲ್ಲಿ ಮಲಗಿಸುವುದು

ಪಾಸಿಟಿವ್ ಬಂದವರು ಪ್ರತ್ಯೇಕ ರೂಮಿಗೆ. ರೂಮ್ ಇಲ್ಲದಿದ್ದರೆ ಅದೇ ವೈರಸ್ಸಿನವರ ಜೊತೆ, ಬೆಡ್‌ಗಳ ನಡುವೆ ಕನಿಷ್ಠ 1 ಮೀಟರ್. ಫ್ಲೂ ಇದ್ದವರನ್ನೂ ಕೋವಿಡ್ ಇದ್ದವರನ್ನೂ "ಎರಡೂ ಪಾಸಿಟಿವ್ ತಾನೇ" ಅಂತ ಒಂದೇ ರೂಮಿಗೆ ಹಾಕಬೇಡಿ. ಒಬ್ಬರದು ಇನ್ನೊಬ್ಬರಿಗೆ ಅಂಟುತ್ತದೆ.

ನೆಗೆಟಿವ್ ಬಂದರೂ ಲಕ್ಷಣ ಪಕ್ಕಾ ಇದ್ದವರು ಕಷ್ಟದ ಗುಂಪು. ನಮ್ಮ ಶುರುವಿನ ಅಜ್ಜ ಈ ಗುಂಪಿಗೇ ಬರಬಹುದು. ಇವರು ಪಾಸಿಟಿವ್ ರೂಮಿಗೂ ಬೇಡ, ಸಾಮಾನ್ಯ ವಾರ್ಡಿನ ನಡುವಿನ ಬೆಡ್‌ಗೂ ಬೇಡ. ಕಿಟಕಿ ಪಕ್ಕದ ಮೂಲೆ ಬೆಡ್, ಮಾಸ್ಕ್, ಪಕ್ಕದ ಬೆಡ್ ಸಾಧ್ಯವಾದರೆ ಖಾಲಿ. ಪಿಸಿಆರ್ ಬರುವವರೆಗೆ ಅಲ್ಲೇ ಇರಲಿ. ಲಕ್ಷಣ ಇದ್ದು ಆಂಟಿಜನ್ ನೆಗೆಟಿವ್ ಬಂದವರಿಗೆ ಆರ್‌ಟಿ-ಪಿಸಿಆರ್ ಮಾಡಲೇಬೇಕು ಅಂತ ಐಸಿಎಂಆರ್ ಕೋವಿಡ್ ವಿಷಯದಲ್ಲಿ ಮೊದಲ ದಿನದಿಂದಲೂ ಹೇಳಿದೆ. ನಮ್ಮಲ್ಲಿ ಮರೆತದ್ದು ಇದನ್ನೇ ಜಾಸ್ತಿ.

ನೆಗೆಟಿವ್ ಬಂದು, ಜ್ವರಕ್ಕೆ ಬೇರೆ ಕಾರಣವೂ ಸಿಕ್ಕಿದ್ದರೆ ಅವರು ಸಾಮಾನ್ಯ ವಾರ್ಡ್‌ಗೆ ಹೋಗಬಹುದು. ಮೂತ್ರದ ಸೋಂಕು, ಕಾಲಿನ ಕೀವು, ಹೀಗೆ.

ಔಷಧಿ ವಿಷಯ ಡಾಕ್ಟರದ್ದು. ಆದರೂ ಒಂದು ಮಾತು ನೆನಪಿರಲಿ: ಅಡ್ಮಿಟ್ ಆಗುವಷ್ಟು ತೀವ್ರ ಫ್ಲೂ ಅನುಮಾನ ಇದ್ದರೆ ಒಸೆಲ್ಟಾಮಿವಿರ್ (ಫ್ಲೂ ವೈರಸ್ಸಿನ ಔಷಧಿ) ಶುರುಮಾಡಲು ಯಾವ ರಿಪೋರ್ಟಿಗೂ ಕಾಯುವುದಿಲ್ಲ. ಮೊದಲ 48 ಗಂಟೆಯಲ್ಲಿ ಕೊಟ್ಟರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. "ಕಾರ್ಡ್ ನೆಗೆಟಿವ್, ಹಾಗಾಗಿ ಮಾತ್ರೆ ನಿಲ್ಲಿಸಿದ್ದೀವಿ" ಅಂತ ಕೇಸ್ ಶೀಟ್‌ನಲ್ಲಿ ಕಂಡರೆ ಡಾಕ್ಟರ್‌ಗೆ ಒಮ್ಮೆ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಯಂತ್ರ ಇದ್ದರೆ

ಕಾರ್ಡ್‌ಗಿಂತ ನಂಬಿಕೆಯದು ಸಣ್ಣ ಪಿಸಿಆರ್ ಯಂತ್ರ. ಟಿಬಿ ಕಫ ಪರೀಕ್ಷೆಗೆ ಅಂತ ನಮ್ಮ ಎಷ್ಟೋ ತಾಲ್ಲೂಕು ಆಸ್ಪತ್ರೆಗಳಿಗೆ ಬಂದ ಟ್ರೂನ್ಯಾಟ್, ಜೀನ್‌ಎಕ್ಸ್‌ಪರ್ಟ್‌ಗಳೇ ಇವು. ಟ್ರೂನ್ಯಾಟ್ ಗೋವಾದ ಮೋಲ್‌ಬಯೋ ಕಂಪನಿಯದು, ಬ್ಯಾಟರಿಯಲ್ಲೂ ಓಡುತ್ತದೆ. 2020ರಲ್ಲಿ ಇದೇ ಯಂತ್ರಗಳನ್ನು ಕೋವಿಡ್‌ಗೂ ಬಳಸಿದರು. ಸ್ಯಾಂಪಲ್ ತಯಾರಿ ಸೇರಿ ಒಂದೆರಡು ಗಂಟೆಯಲ್ಲಿ ಉತ್ತರ. ನಿಮ್ಮಲ್ಲಿ ಯಂತ್ರ ಇದ್ದರೆ ಉಸಿರಾಟದ ವೈರಸ್‌ಗಳ ಚಿಪ್, ಕಾರ್ಟ್ರಿಜ್ ಸಿಗುತ್ತದಾ, ರಾತ್ರಿ ಅದನ್ನು ಓಡಿಸಲು ಬರುವವರು ಯಾರು ಅಂತ ವಿಚಾರಿಸಿ. ಇದರಲ್ಲಿ ಕಷ್ಟ ಜಾಸ್ತಿ ಕೊನೆಯದೇ.

ಇಂಗ್ಲೆಂಡಿನ ಸೌತಾಂಪ್ಟನ್ ಆಸ್ಪತ್ರೆಯಲ್ಲಿ 2020ರ ಮಾರ್ಚ್, ಏಪ್ರಿಲ್‌ನಲ್ಲಿ ಇಂಥ ಯಂತ್ರವನ್ನು ಪೇಷಂಟ್ ಬರುವ ಜಾಗದಲ್ಲೇ ಇಟ್ಟು ನೋಡಿದರು. ಲ್ಯಾಬ್‌ಗೆ ಕಳಿಸಿದರೆ ರಿಸಲ್ಟ್‌ಗೆ ಸುಮಾರು 21 ಗಂಟೆ ಹಿಡಿಯುತ್ತಿತ್ತು, ಬೆಡ್ ಹತ್ತಿರದ ಯಂತ್ರದಲ್ಲಿ 2 ಗಂಟೆಯೊಳಗೆ ಬಂತು. ಪೇಷಂಟ್‌ಗಳು ಸರಿಯಾದ ವಾರ್ಡಿಗೆ ಬೇಗ ಸೇರಿದರು. ಅದೇ ಆಸ್ಪತ್ರೆ ಅದಕ್ಕೂ ಮುಂಚೆ, ಕೋವಿಡ್ ಇಲ್ಲದ ಕಾಲದಲ್ಲಿ, 720 ಪೇಷಂಟ್‌ಗಳ ಮೇಲೆ ಬೇರೆ ವೈರಸ್ ಯಂತ್ರ ಪರೀಕ್ಷಿಸಿತ್ತು. 2017ರಲ್ಲಿ ಬಂದ ಆ ವರದಿಯ ಒಂದು ಮಾತು ನನಗೆ ಇಷ್ಟ. ಯಂತ್ರ ಬಂದರೂ ಆಂಟಿಬಯಾಟಿಕ್ ಪಡೆದವರ ಪ್ರಮಾಣ ಕಡಿಮೆ ಆಗಲಿಲ್ಲ, ಎರಡೂ ಕಡೆ ಶೇಕಡಾ 80ರ ಮೇಲೆಯೇ ಇತ್ತು. ರಿಸಲ್ಟ್ ಬರುವ ಮೊದಲೇ ಮೊದಲ ಡೋಸ್ ಹೋಗಿಬಿಟ್ಟಿರುತ್ತಿತ್ತು. ಆದರೆ ಒಂದೇ ಡೋಸ್‌ಗೋ ಎರಡು ದಿನಕ್ಕೋ ನಿಲ್ಲಿಸಿದವರು ಜಾಸ್ತಿಯಾದರು, ಫ್ಲೂ ಇದ್ದವರಿಗೆ ಸರಿಯಾದ ಔಷಧಿ ಸಿಕ್ಕಿತು. ನಮ್ಮಲ್ಲೂ ಇದನ್ನು ಮಾಡಬಹುದು: ರಿಸಲ್ಟ್ ಬಂದ ತಕ್ಷಣ ಕೇಸ್ ಶೀಟ್ ತೆಗೆದುಕೊಂಡು ಡಾಕ್ಟರ್ ಬಳಿ ಹೋಗಿ "ಸಾರ್, ಫ್ಲೂ ಬಂದಿದೆ, ಆಂಟಿಬಯಾಟಿಕ್ ಮುಂದುವರಿಸಬೇಕಾ?" ಅಂತ ಕೇಳಿ. ರಿಸಲ್ಟ್ ಫೈಲಿನಲ್ಲಿ ಕೂತರೆ ಯಂತ್ರ ಎಷ್ಟು ಬೇಗ ಓಡಿದರೇನು?

ಡೆಂಗಿ, ಮಂಗನ ಕಾಯಿಲೆ

ಡೆಂಗಿ ಕಾರ್ಡ್ ರಕ್ತದ್ದು. ಜ್ವರದ ಮೊದಲ ಐದು ದಿನದಲ್ಲಿ ಎನ್‌ಎಸ್1 (ವೈರಸ್ಸಿನದೇ ಪ್ರೋಟೀನ್) ನೋಡಬೇಕು, ಆಮೇಲೆ ಐಜಿಎಂ (ವೈರಸ್ ವಿರುದ್ಧ ದೇಹ ಮಾಡುವ ಆಂಟಿಬಾಡಿ). ಹಿಂದೆ ಒಮ್ಮೆ ಡೆಂಗಿ ಬಂದವರಲ್ಲಿ ಎನ್‌ಎಸ್1 ಬೇಗ ಮಾಯವಾಗುತ್ತದೆ, ಕಾರ್ಡ್ ಸುಳ್ಳು ನೆಗೆಟಿವ್ ಹೇಳುತ್ತದೆ. ವಿಚಿತ್ರ ಏನೆಂದರೆ ತೀವ್ರವಾಗುವುದು ಹೀಗೆ ಎರಡನೇ ಸಲ ಬಂದವರಲ್ಲೇ ಜಾಸ್ತಿ. ಹಾಗಾಗಿ ಡೆಂಗಿಯಲ್ಲಿ ವಿಂಗಡಿಸಬೇಕಾದದ್ದು ಕಾರ್ಡ್ ನೋಡಿ ಅಲ್ಲ, ಅಪಾಯದ ಚಿಹ್ನೆ ನೋಡಿ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಿಂದಲೋ ಮೂಗಿನಿಂದಲೋ ರಕ್ತ, ಸುಸ್ತು, ಚಡಪಡಿಕೆ. ಜ್ವರ ಇಳಿದ ದಿನವೇ ಜೋಪಾನ. "ಜ್ವರ ಬಿಟ್ಟಿತು" ಅಂತ ಮನೆಯವರು ಖುಷಿಪಡುವ ಹೊತ್ತಿಗೆ ಬಿಪಿ ಇಳಿಯಲು ಶುರುವಾಗಿರಬಹುದು. ಕಾರ್ಡ್ ಪಾಸಿಟಿವ್ ಬಂದರೆ ಖಚಿತ ಮಾಡಲು ಲ್ಯಾಬ್‌ನ ಎಲೈಸಾ ಪರೀಕ್ಷೆಗೆ ಕಳಿಸಿ. ಈ ಪೇಷಂಟ್‌ಗೆ ಐಸೋಲೇಷನ್ ಬೇಡ, ಸೊಳ್ಳೆಪರದೆ ಬೇಕು. ವಾರ್ಡಿನ ಸೊಳ್ಳೆ ಅವರನ್ನು ಕಚ್ಚಿ ಪಕ್ಕದವರನ್ನು ಕಚ್ಚಬಾರದು. ಹಗಲು ಹೊತ್ತೂ ಪರದೆ ಹಾಕಿ, ಈ ಸೊಳ್ಳೆ ಹಗಲಲ್ಲೇ ಕಚ್ಚುವುದು.

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆಯವರಿಗೆ ಒಂದು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆಯನ್ನು ನಿಮ್ಮ ಡಬ್ಬದಲ್ಲಿರುವ ಫ್ಲೂ, ಕೋವಿಡ್, ಡೆಂಗಿ ಕಾರ್ಡ್‌ಗಳು ಹಿಡಿಯುವುದಿಲ್ಲ. ಡಿಸೆಂಬರ್‌ನಿಂದ ಬೇಸಿಗೆಯವರೆಗೆ ಜ್ವರ, ತಲೆನೋವು, ಕಣ್ಣು ಕೆಂಪು ಅಂತ ಬಂದವರಿಗೆ ಕಾಡಿಗೆ ಹೋಗಿದ್ರಾ, ದರಗು (ಒಣ ಎಲೆ) ತಂದ್ರಾ, ಉಣುಗು ಕಚ್ಚಿತ್ತಾ, ಸುತ್ತಮುತ್ತ ಮಂಗ ಸತ್ತಿತ್ತಾ ಅಂತ ಕೇಳಿ. ಹೌದು ಅಂದರೆ ಎಲ್ಲ ಕಾರ್ಡ್ ನೆಗೆಟಿವ್ ಬಂದರೂ ರಕ್ತದ ಸ್ಯಾಂಪಲ್ ನಿಗದಿಯಾದ ಲ್ಯಾಬ್‌ಗೆ ಹೋಗಲೇಬೇಕು.

ಬರೆಯುವುದು, ಎಸೆಯುವುದು

ರಿಜಿಸ್ಟರ್‌ನಲ್ಲಿ ಹೆಸರು, ಎಷ್ಟನೇ ದಿನದ ಜ್ವರ, ಕಿಟ್ ಹೆಸರು, ಲಾಟ್ ನಂಬರ್, ಹಾಕಿದ ಹೊತ್ತು, ಓದಿದ ಹೊತ್ತು, ಓದಿದವರ ಸಹಿ. ಕೇಸ್ ಶೀಟ್‌ನಲ್ಲಿ ಬರೀ "ನೆಗೆಟಿವ್" ಅಂತ ಬರೆಯಬೇಡಿ. "ಕಾರ್ಡ್ ನೆಗೆಟಿವ್, ಪಿಸಿಆರ್ ಕಳಿಸಿದೆ" ಅಂತ ಬರೆಯಿರಿ. ಬೆಳಗಿನ ಪಾಳಿಯವರು ಎರಡನೇ ಅರ್ಧ ಓದದಿದ್ದರೆ ಅಜ್ಜನನ್ನು ಮೂಲೆಯಿಂದ ಎತ್ತಿ ನಡುವಿಗೆ ಹಾಕಿಬಿಡುತ್ತಾರೆ. ಆ ಅರ್ಧಕ್ಕೆ ಕೆಂಪು ಶಾಯಿ ಬಳಸಿ.

ಸ್ವಾಬ್ ಹಳದಿ ಚೀಲಕ್ಕೆ, ಗ್ಲೌಸ್ ಕೆಂಪು ಚೀಲಕ್ಕೆ, ಬೆರಳು ಚುಚ್ಚಿದ ಲ್ಯಾನ್ಸೆಟ್ ಬಿಳಿ ಡಬ್ಬಕ್ಕೆ. ಬಳಸಿದ ಕಾರ್ಡ್, ಟ್ಯೂಬ್ ಎಲ್ಲಿಗೆ ಅನ್ನುವುದನ್ನು ನಿಮ್ಮ ಇನ್‌ಫೆಕ್ಷನ್ ಕಂಟ್ರೋಲ್ ಸಿಸ್ಟರ್ ಹೇಳಿದ ಹಾಗೆ ಮಾಡಿ. ಟೇಬಲ್ ಒರೆಸಿ. ಗ್ಲೌಸ್ ತೆಗೆದ ಮೇಲೂ ಕೈ ತೊಳೆಯಿರಿ.

ಮನೆಯವರಿಗೆ ಏನು ಹೇಳುವುದು

ನೆಗೆಟಿವ್ ಅನ್ನುವ ಮಾತು ವೆರಾಂಡಾಕ್ಕೆ ನಮಗಿಂತ ಮೊದಲು ತಲುಪುತ್ತದೆ. ಅಜ್ಜನ ಮಗ ಬಂದು ಕೇಳುತ್ತಾನೆ: "ಏನೂ ಇಲ್ಲ ಅಂತ ಬಂತಲ್ಲ ಸಿಸ್ಟರ್, ಮತ್ಯಾಕೆ ಅಪ್ಪನ್ನ ಮೂಲೆಗೆ ಹಾಕಿದೀರಾ?" ಸಿಟ್ಟಿನಿಂದಲೇ ಕೇಳುತ್ತಾನೆ. ಅಪ್ಪನನ್ನು ದೂರ ಇಟ್ಟಿದ್ದಾರೆ ಅಂತ ಅವನಿಗೆ ನೋವು.

ನಾನು ಹೇಳುವುದು ಹೀಗೆ. "ಏನೂ ಇಲ್ಲ ಅಂತ ಬಂದಿಲ್ಲ ಅಣ್ಣ, ಈ ಕಾರ್ಡ್‌ಗೆ ಸಿಕ್ಕಿಲ್ಲ. ಇದು ಎಷ್ಟೋ ಜನರದ್ದನ್ನ ತಪ್ಪಿಸಿಬಿಡುತ್ತೆ. ಇನ್ನೊಂದು ದೊಡ್ಡ ಟೆಸ್ಟ್ ಕಳಿಸಿದೀವಿ. ಔಷಧಿ ಶುರುವಾಗಿದೆ, ಅದಕ್ಕೆ ಯಾವ ರಿಪೋರ್ಟೂ ಬೇಕಾಗಿಲ್ಲ. ಕಿಟಕಿ ಪಕ್ಕ ಗಾಳಿ ಚೆನ್ನಾಗಿದೆ ಅಂತ ಆ ಬೆಡ್ ಕೊಟ್ಟಿದೀವಿ. ನೀವು ಒಬ್ಬರೇ ಒಳಗಿರಿ, ಮಾಸ್ಕ್ ತೆಗೀಬೇಡಿ, ಅತ್ತಿಗೆನ ಮನೆಗೆ ಕಳಿಸಿ, ಮಗು ಇದೆ ಅಂದ್ರಲ್ಲ."

ಸೊಸೆ ಒಲ್ಲೆ ಅನ್ನುತ್ತಾಳೆ. ಕೊನೆಗೆ ಬೆಳಗಿನ ಮೊದಲ ಬಸ್ಸಿಗೆ ಹೋಗುತ್ತೇನೆ ಅಂತ ಒಪ್ಪುತ್ತಾಳೆ. ಅಷ್ಟರವರೆಗೆ ಅವಳನ್ನು ಹೊರಗಿನ ಬೆಂಚಿನಲ್ಲಿ, ಗಾಳಿ ಆಡುವ ಕಡೆ ಕೂರಿಸಿ, ಬಿಸಿನೀರು ಕೊಡಿ. ನಾಲ್ಕು ಗಂಟೆಗೆ ಅಜ್ಜನ ಸ್ಯಾಚುರೇಷನ್ ಮತ್ತೆ ನೋಡಬೇಕು.